ಸಕ್ಕರೆ ಅಚ್ಚಿನೊಳಗಿನ ಇತಿಹಾಸ

ಕೆಲವು ವರ್ಷಗಳ ಹಿಂದಿನ ಮಾತು. ಸಂಕ್ರಾಂತಿಯ ವಿಶೇಷ ಕಾರ್ಯಕ್ರಮಕ್ಕಾಗಿ ಸಕ್ಕರೆ ಅಚ್ಚು ಮಾಡುವುದನ್ನು ಚಿತ್ರೀಕರಿಸಲು ನಾವು ಹೊರಟಿದ್ದೆವು. ಎಪ್ಪತ್ತು ದಾಟಿದ ಗೃಹಿಣಿಯೊಬ್ಬರು ಸ್ಟುಡಿಯೋಗೆ ಬಂದಿದ್ದರು. ನೀರಿನಲ್ಲಿ ನೆನೆಸಿ ತೆಗೆದ ಮರದ ಅಚ್ಚುಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಪಾಕ ಹದಕ್ಕೆ ಬಂದಿತು. ಅವರು ಚಿಕ್ಕ ಬಾಣಲೆಗೆ ಒಂದಿಷ್ಟು ಪಾಕ ತೆಗೆದುಕೊಂಡು ತಿರುವತೊಡಗಿದರು. ಅಷ್ಟರಲ್ಲಿ ದೀಪದ ಕೋನ ಸರಿಯಿಲ್ಲವೆಂದು ಯಾರೋ ಕೂಗಿದರು. ನಾನು, "ಅಮ್ಮಾ, ಎರಡು ನಿಮಿಷ ನಿಲ್ಲಿಸಿ" ಎಂದೆ. ಅವರು ನನ್ನ ಮುಖ ನೋಡಿ ನಕ್ಕರು. "ನಾನು ನಿಲ್ಲುತ್ತೇನೆ. ಸಕ್ಕರೆ ನಿಲ್ಲಬೇಕಲ್ಲ!" ದೀಪ ಸರಿಹೋಗುವ ಹೊತ್ತಿಗೆ ಬಾಣಲೆಯಲ್ಲಿದ್ದದ್ದು ಪಾಕವಲ್ಲ, ಬಿಳಿಯ ಕಲ್ಲು.

ರಸಾಯನಶಾಸ್ತ್ರ ಓದಿ ಪದವಿ ಪಡೆದವಳು ನಾನು. ಸ್ಫಟಿಕೀಕರಣದ ವಿಷಯವನ್ನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಆದರೂ ಸಕ್ಕರೆ ಯಾರ ಮಾತಿಗೂ ಕಾಯುವುದಿಲ್ಲ ಎಂಬುದು ಅಂದೇ ನನಗೆ ಸರಿಯಾಗಿ ತಿಳಿದದ್ದು. ಅದರ ಜೊತೆಗೆ ನನ್ನ ಅಜ್ಜಿಯ ನೆನಪೂ ಬಂತು. ಅವರ ವಿಷಯ ಕೊನೆಯಲ್ಲಿ ಹೇಳುತ್ತೇನೆ. ಮೊದಲು, ಹಬ್ಬದ ದಿನ ನೀವು ಮನೆಮನೆಗೆ ಹೊತ್ತೊಯ್ಯುವ ಆ ತಟ್ಟೆಯಲ್ಲಿ ಎಷ್ಟು ಇತಿಹಾಸ ಅಡಗಿದೆ ಎಂಬುದನ್ನು ನೋಡೋಣ.

ತಟ್ಟೆಯಲ್ಲೊಂದು ಭೂಪಟ

ಹಳೆಯ ಮೈಸೂರು ಸೀಮೆಯಲ್ಲಿ ಎಳ್ಳು ಬೀರುವ ಪದ್ಧತಿ ನಿಮಗೆ ಗೊತ್ತೇ ಇದೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಈ ಐದನ್ನು ಬೆರೆಸಿದ ಮಿಶ್ರಣ, ಪಕ್ಕದಲ್ಲಿ ಒಂದೆರಡು ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು, ಬಾಳೆಹಣ್ಣು. ಹಬ್ಬಕ್ಕೆ ವಾರ ಮೊದಲೇ ಮನೆಯಲ್ಲಿ ಕೆಲಸ ಶುರು. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಅದನ್ನೂ ಬೆಲ್ಲವನ್ನೂ ಕಾಳಿನಷ್ಟು ಚಿಕ್ಕದಾಗಿ ಹೆಚ್ಚಿ ಬಿಸಿಲಿಗೆ ಇಡಬೇಕು. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಕೇರಬೇಕು. ಎಲ್ಲವೂ ಒಣಗಿದ ಮೇಲೆಯೇ ಬೆರೆಸಬೇಕು. ಬೆಲ್ಲಕ್ಕೆ ಗಾಳಿಯ ತೇವ ಹೀರುವ ಗುಣವಿದೆ. ಸ್ವಲ್ಪ ಪಸೆ ಉಳಿದರೂ ಇಡೀ ಡಬ್ಬ ಅಂಟಾಗುತ್ತದೆ.

ಈ ಐದು ಪದಾರ್ಥಗಳ ಊರುಗಳನ್ನು ಹುಡುಕಿಕೊಂಡು ಹೊರಡಿ, ಪ್ರಪಂಚ ಸುತ್ತಿದಂತಾಗುತ್ತದೆ. ಎಳ್ಳು ನಮ್ಮದೇ ನೆಲದ ಬೆಳೆ. ಅದರ ಕಾಡು ಬಂಧುಗಳು ಭಾರತದಲ್ಲಿ ಇಂದಿಗೂ ಬೆಳೆಯುತ್ತವೆ. ಹರಪ್ಪದ ಉತ್ಖನನದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯದಾದ, ಸುಟ್ಟು ಕರಿಕಾದ ಎಳ್ಳು ಸಿಕ್ಕಿದೆ. ಭಾಷೆಯೇ ಇದಕ್ಕೆ ಇನ್ನೊಂದು ಸಾಕ್ಷಿ. ಸಂಸ್ಕೃತದಲ್ಲಿ ತಿಲದಿಂದ ಬಂದದ್ದು ತೈಲ. ನಮ್ಮಲ್ಲಿ 'ಎಳ್' ಮತ್ತು 'ನೆಯ್' ಸೇರಿ ಎಣ್ಣೆಯಾಯಿತು. ಎಂದರೆ ಎಣ್ಣೆ ಎಂಬ ಮಾತಿನ ಮೊದಲ ಅರ್ಥ ಎಳ್ಳಿನ ಜಿಡ್ಡು ಎಂದೇ. ಇಂದು ನಾವು ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಕೊನೆಗೆ ಸೀಮೆಎಣ್ಣೆ ಎಂದಾಗಲೂ ತಿಳಿಯದೆ ಎಳ್ಳಿನ ಹೆಸರನ್ನೇ ಹೇಳುತ್ತಿದ್ದೇವೆ. ಎಳ್ಳುಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಚಳಿಗೆ ಚರ್ಮ ಒಡೆಯುವ ಕಾಲದಲ್ಲಿ ಹಿರಿಯರು ಅದನ್ನು ಆರಿಸಿಕೊಂಡದ್ದು ಅರ್ಥವಾಗುವ ಮಾತು.

ಹುರಿಗಡಲೆಯ ಮೂಲವಾದ ಕಡಲೆ ಮೊದಲು ಕೃಷಿಗೆ ಬಂದದ್ದು ಇಂದಿನ ತುರ್ಕಿಯ ಆಗ್ನೇಯ ಭಾಗದಲ್ಲಿ. ಅಲ್ಲಿಂದ ಅದು ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದು ನಮ್ಮದೇ ಆಗಿಬಿಟ್ಟಿತು. ಕಡಲೆಕಾಯಿಯ ಕಥೆ ಬೇರೆ. ಅದರ ತವರು ದಕ್ಷಿಣ ಅಮೆರಿಕ. ಕೊಲಂಬಸ್ ಮತ್ತು ವಾಸ್ಕೋ ಡ ಗಾಮರ ಯಾನಗಳ ಅನಂತರ, ಯೂರೋಪಿನ ಹಡಗುಗಳು ಸಾಗರ ದಾಟಿದ ಮೇಲಷ್ಟೇ ಅದು ನಮ್ಮ ಕಡೆಗೆ ಬಂದದ್ದು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯನ್ನು ನೋಡಿದವರು ಈ ಕಾಯಿ ಹೊರಗಿನದು ಎಂದರೆ ನಂಬುವುದು ಕಷ್ಟ. ಆದರೆ ಲೆಕ್ಕ ಸ್ಪಷ್ಟವಾಗಿದೆ. 15ನೆಯ ಶತಮಾನದಲ್ಲಿ ನಮ್ಮ ನಾಡಿನ ಯಾವ ತಾಯಿಯೂ ಎಳ್ಳಿಗೆ ಕಡಲೆಕಾಯಿ ಬೀಜ ಬೆರೆಸಿರಲು ಸಾಧ್ಯವಿಲ್ಲ.

ಇಲ್ಲಿ ಒಂದು ಪಾಠವಿದೆ. ಸಂಪ್ರದಾಯ ಎಂದರೆ ಬದಲಾಗದೆ ನಿಂತದ್ದು ಎಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಅದು ಬಂದದ್ದನ್ನೆಲ್ಲ ಸೇರಿಸಿಕೊಂಡು, ಮೊದಲಿನಿಂದಲೂ ಹೀಗೆಯೇ ಇತ್ತು ಎಂಬಂತೆ ಕಾಣುವ ಒಂದು ಮಿಶ್ರಣ.

ಹಬ್ಬದ ದಿನವೂ ನಿಂತಿಲ್ಲ

ಹಬ್ಬದ ತಾರೀಖನ್ನೇ ನೋಡಿ. ಸಂಕ್ರಾಂತಿ ಯಾವಾಗಲೂ ಜನವರಿ 14 ಎಂದು ಅನೇಕರು ತಿಳಿದಿದ್ದಾರೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಅಂದು ಮಕರ ಸಂಕ್ರಾಂತಿ. ಈಗ ಹಬ್ಬ 14 ಅಥವಾ 15ಕ್ಕೆ ಬರುತ್ತದೆ. ಕಾರಣ ಸರಳ. ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಅಳೆಯುತ್ತದೆ. ಗೋಡೆಯ ಕ್ಯಾಲೆಂಡರ್ ಋತುಗಳನ್ನು ಅನುಸರಿಸುತ್ತದೆ. ಈ ಎರಡು ವರ್ಷಗಳ ನಡುವೆ ಸುಮಾರು 20 ನಿಮಿಷಗಳ ಅಂತರವಿದೆ. ಎಪ್ಪತ್ತು ವರ್ಷಕ್ಕೆ ಹತ್ತಿರಹತ್ತಿರ ಒಂದು ದಿನ ಸರಿಯುತ್ತದೆ. ಹೀಗಾಗಿಯೇ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕಾದರೂ ನಾವು ಹಬ್ಬ ಮಾಡುವುದು ಮೂರು ವಾರ ಕಳೆದ ಮೇಲೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು.

ತಾರೀಖು ಸರಿದರೂ ಹಬ್ಬದ ಹುರುಪು ಸರಿಯಲಿಲ್ಲ. ಸುಗ್ಗಿಯ ಕಾಲವದು. ಹೊಸ ಕಬ್ಬು, ಹೊಸ ಬೆಲ್ಲ, ಹೊಸ ಅವರೆ ಮನೆಗೆ ಬಂದಿರುತ್ತವೆ. ಒಣ ಹವೆಯಿದ್ದು ಪದಾರ್ಥಗಳು ಕೆಡದೆ ಉಳಿಯುತ್ತವೆ. ಮನೆಯಲ್ಲಿ ಉಡುಗೊರೆ ತಯಾರಿಸಲು ಇದಕ್ಕಿಂತ ಒಳ್ಳೆಯ ಸಮಯ ವರ್ಷದಲ್ಲಿ ಇನ್ನೊಂದಿಲ್ಲ.

ಮರಳಿನಂಥ ಸಿಹಿ

ಈಗ ಸಕ್ಕರೆಗೆ ಬರೋಣ. ನಾವು ಅಗಿಯುವ ದಪ್ಪ ಕಬ್ಬನ್ನು ಮೊದಲು ಬೇಸಾಯಕ್ಕೆ ತಂದವರು ನ್ಯೂ ಗಿನಿ ದ್ವೀಪದ ಜನ. ಆದರೆ ಕಬ್ಬಿನ ರಸ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಅದನ್ನು ಕಾಯಿಸಿ, ಗಟ್ಟಿಮಾಡಿ, ವರ್ಷವಿಡೀ ಉಳಿಯುವಂತೆ ಮಾಡಿದ್ದು ಭಾರತದ ಸಾಧನೆ. ಕ್ರಿ.ಪೂ. 4ನೆಯ ಶತಮಾನದಲ್ಲಿ ಅಲೆಗ್ಸಾಂಡರನೊಡನೆ ಬಂದ ನಿಯಾರ್ಕಸ್, ಜೇನುನೊಣದ ಹಂಗಿಲ್ಲದೆ ಜೇನು ಕೊಡುವ ಜೊಂಡು ಇಲ್ಲಿದೆ ಎಂದು ಬೆರಗಿನಿಂದ ವರದಿ ಮಾಡಿದ್ದ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಉಗ್ರಾಣದಲ್ಲಿರಬೇಕಾದ ಸಿಹಿಗಳ ಪಟ್ಟಿಯೇ ಇದೆ. ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಐದು ಬಗೆ. ಕಾಕಂಬಿಯಂಥ ಪಾಕದಿಂದ ಹರಳಿನವರೆಗೆ, ಕುದಿಸುವ ಒಂದೊಂದು ಹಂತಕ್ಕೂ ಒಂದೊಂದು ಹೆಸರು. ನೂರಾರು ವರ್ಷ ಕಣ್ಮರೆಯಾಗಿದ್ದ ಈ ಗ್ರಂಥದ ಓಲೆಗರಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಶರ್ಕರಾ ಎಂದರೆ ಮೂಲದಲ್ಲಿ ಮರಳು, ನೊರಜುಗಲ್ಲು. ಹರಳು ಹರಳಾಗಿದ್ದ ಸಿಹಿಗೆ ಆ ಹೆಸರು ಬಂತು. ಪ್ರಾಕೃತದ ಮೂಲಕ ಅದು ನಮಗೆ ಸಕ್ಕರೆಯಾಯಿತು. ಪಾರಸಿಯಲ್ಲಿ ಶಕ್ಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಯೂರೋಪಿಗೆ ಹೋಗಿ ಶುಗರ್ ಆಯಿತು. ಖಂಡ ಎಂಬುದು ಖಂದ್ ಆಗಿ, ಕ್ಯಾಂಡಿಯಾಗಿ, ಚಾಕೊಲೇಟ್ ಅಂಗಡಿಯ ಗಾಜಿನ ಭರಣಿಗಳಲ್ಲಿ ಕುಳಿತಿದೆ. 7ನೆಯ ಶತಮಾನದಲ್ಲಿ ಚೀನಾದ ಟ್ಯಾಂಗ್ ಚಕ್ರವರ್ತಿ ತಾಯ್‌ಜೊಂಗ್ ಸಕ್ಕರೆ ಮಾಡುವ ವಿದ್ಯೆಯನ್ನು ಕಲಿತು ಬರಲು ಮಗಧಕ್ಕೆ ತನ್ನ ಜನರನ್ನು ಕಳಿಸಿದ್ದ. ಗೋಲಿಯಷ್ಟು ಸಿಹಿಯ ಹಿಂದೆ ಇಷ್ಟು ದೊಡ್ಡ ಪಯಣವಿದೆ.

ಅರಮನೆಯಿಂದ ಅಡುಗೆಮನೆಗೆ

ಆದರೆ ಬಿಳಿ ಸಕ್ಕರೆ ಬಹುಕಾಲ ಬಡವರ ಪದಾರ್ಥವಾಗಿರಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ದೂತ ಅಬ್ದುರ್ ರಜಾಕನಿಗೆ ಅರಮನೆಯಿಂದ ದಿನವೂ ಬರುತ್ತಿದ್ದ ಉಪಚಾರದ ಸಾಮಗ್ರಿಗಳಲ್ಲಿ ಕುರಿ, ಕೋಳಿ, ಅಕ್ಕಿ, ಬೆಣ್ಣೆಗಳ ಜೊತೆ ಸಕ್ಕರೆಯೂ ಇತ್ತು. ರಾಜ ಕೊಡುವ ಉಡುಗೊರೆಯಾಗಿತ್ತು ಅದು. ಹಳ್ಳಿಯ ಮನೆಗಳಲ್ಲಿ ಸಿಹಿ ಎಂದರೆ ಬೆಲ್ಲ. ನಮ್ಮ ಹಳೆಯ ಅಡುಗೆಗಳನ್ನು ಎಣಿಸಿ ನೋಡಿ: ಹೋಳಿಗೆ, ಕಡುಬು, ಚಿಗಳಿ, ತಂಬಿಟ್ಟು, ಹುಗ್ಗಿ. ಎಲ್ಲದರಲ್ಲೂ ಬೆಲ್ಲವೇ.

ನಮ್ಮ ಸೀಮೆಯಲ್ಲಿ ಕಾರ್ಖಾನೆಯ ಸಕ್ಕರೆಗೆ ದಾರಿಯಾದದ್ದು 19ನೆಯ ಶತಮಾನದಲ್ಲಿ. ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಆರಂಭವಾಯಿತು. ರೈತರು ಮಾಡಿದ ಬೆಲ್ಲವನ್ನು ಕೊಂಡು ಅದನ್ನು ಶುದ್ಧೀಕರಿಸಿ ಸಕ್ಕರೆ ಮಾಡುತ್ತಿದ್ದ ಕಾರ್ಖಾನೆ ಅದು. ನಿಜವಾದ ತಿರುವು ಬಂದದ್ದು ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ ಮೇಲೆ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಮಂಡ್ಯದ ಒಣ ಹೊಲಗಳಿಗೆ ಹರಿಯಿತು. ಕಬ್ಬು ಬೆಳೆಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾ ದೇಶದ ಕೀಟವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮಂಡ್ಯಕ್ಕೆ ಸಕ್ಕರೆಯ ನಾಡು ಎಂಬ ಹೆಸರು ಹೀಗೆ ಬಂತು.

ಬಿಳಿ ಸಕ್ಕರೆ ಅಂಗಡಿಯ ಮೂಟೆಗೆ ಬಂದದ್ದರಿಂದಲೇ ಸಾಮಾನ್ಯ ಗೃಹಿಣಿಯೂ ಅದನ್ನು ಸೇರುಗಟ್ಟಲೆ ಕರಗಿಸಿ, ಅಚ್ಚಿಗೆ ಎರೆದು, ಬೀದಿಗೆಲ್ಲ ಹಂಚುವಂತಾಯಿತು ಎಂದು ತರ್ಕಿಸಬಹುದು. ಹಿಂದೆ ರಾಜ ದೂತನಿಗೆ ಕೊಟ್ಟದ್ದನ್ನು ಈಗ ಆಚೆಮನೆಯ ಹುಡುಗಿ ಈಚೆಮನೆಗೆ ತಂದುಕೊಟ್ಟಳು. ಆದರೂ ಅದು ಅಗ್ಗವಾಗಿರಲಿಲ್ಲ. ನನ್ನ ಬಾಲ್ಯದಲ್ಲಿ, 1980ರ ದಶಕದಲ್ಲೂ, ಸಕ್ಕರೆಗಾಗಿ ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲುತ್ತಿದ್ದೆವು. ನಮ್ಮ ಅಜ್ಜಿ ದಸರೆ ಮುಗಿದ ಮಾರನೆಯ ದಿನದಿಂದಲೇ ಕಾಫಿಯ ಸಕ್ಕರೆಯಲ್ಲಿ ದಿನಕ್ಕೊಂದು ಚಮಚ ಉಳಿಸಿ ಹಿತ್ತಾಳೆಯ ಡಬ್ಬಕ್ಕೆ ಹಾಕುತ್ತಿದ್ದರು. ಸಂಕ್ರಾಂತಿಯ ಆನೆ, ಕುದುರೆಗಳೆಲ್ಲ ಹುಟ್ಟುತ್ತಿದ್ದದ್ದು ಆ ಡಬ್ಬದಿಂದ.

ಅಚ್ಚಿನೊಳಗೆ ಏನು ನಡೆಯುತ್ತದೆ?

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. 100 ಗ್ರಾಂ ನೀರಿನಲ್ಲಿ, ಸಾಮಾನ್ಯ ಉಷ್ಣತೆಯಲ್ಲಿ, ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ಕುದಿಯುವ ನೀರಿನಲ್ಲಾದರೆ ಹೆಚ್ಚುಕಡಿಮೆ 490 ಗ್ರಾಂ. ಇಂಥ ಪಾಕ ತಣ್ಣಗಾದಾಗ ಅದರಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆ. ಇದನ್ನು ಅತಿಸಂತೃಪ್ತ ದ್ರಾವಣ ಎನ್ನುತ್ತೇವೆ. ಹಬ್ಬದ ಹಿಂದಿನ ರಾತ್ರಿ ತುಂಬಿದ ಬಸ್ಸಿನ ಹಾಗೆ: ಹತ್ತಿದವರೆಲ್ಲ ಇಳಿಯಲು ಕಾಯುತ್ತಿರುತ್ತಾರೆ, ಮೊದಲು ಒಬ್ಬ ಇಳಿಯಬೇಕು ಅಷ್ಟೆ.

ಪಾಕವನ್ನು ಹಾಗೆಯೇ ಬಿಟ್ಟರೆ ಕೆಲವೇ ಹರಳುಗಳು ಹುಟ್ಟಿ, ನಿಧಾನವಾಗಿ ದೊಡ್ಡದಾಗಿ ಬೆಳೆಯುತ್ತವೆ. ಅದೇ ಕಲ್ಲುಸಕ್ಕರೆ. ಬಿರುಸಾಗಿ ತಿರುವಿದರೆ ಒಂದೇ ಸಲಕ್ಕೆ ಲಕ್ಷಾಂತರ ಸೂಕ್ಷ್ಮ ಹರಳುಗಳು ಹುಟ್ಟುತ್ತವೆ. ಯಾವುದಕ್ಕೂ ದೊಡ್ಡದಾಗಲು ಅವಕಾಶವಿಲ್ಲ. ಇವು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಗಾಜಿನಂತಿದ್ದ ಪಾಕ ಹಾಲಿನಂತೆ ಬೆಳ್ಳಗಾಗುತ್ತದೆ. ಬಾಣಲೆಯ ಅಂಚಿನಲ್ಲಿ ಬಿಳಿ ಗೆರೆ ಕಾಣಿಸಿದ ಕೂಡಲೇ ಅಚ್ಚಿಗೆ ಸುರಿಯಬೇಕು. ಅರೆಗಳಿಗೆ ಮೊದಲಾದರೆ ಅಚ್ಚಿನಿಂದ ಸೋರಿಹೋಗುತ್ತದೆ. ಅರೆಗಳಿಗೆ ತಡವಾದರೆ, ನಮ್ಮ ಸ್ಟುಡಿಯೋದಲ್ಲಿ ಆದಂತೆ, ಬಾಣಲೆಗೇ ಅಂಟುತ್ತದೆ.

ಮನೆಯ ಹೆಂಗಸರು ಅನುಭವದಿಂದ ಕಂಡುಕೊಂಡ ಉಪಾಯಗಳಿಗೆಲ್ಲ ಕಾರಣಗಳಿವೆ. ಪಾಕಕ್ಕೆ ಒಂದೆರಡು ಚಮಚ ಹಾಲು ಹಾಕುತ್ತಾರೆ. ಬಿಸಿಗೆ ಹಾಲಿನ ಪ್ರೋಟೀನ್ ಹೆಪ್ಪುಗಟ್ಟಿ, ಕೊಳೆಯನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ, ಸೋಸಿದರಾಯಿತು. ಆಲೆಮನೆಯಲ್ಲಿ ಬೆಂಡೆಗಿಡದ ಲೋಳೆ ಹಾಕುವುದೂ ಇದೇ ಉದ್ದೇಶಕ್ಕೆ. ಕೆಲವರು ನಾಲ್ಕು ಹನಿ ನಿಂಬೆರಸವನ್ನೋ ಒಂದು ಚಮಚ ಮೊಸರನ್ನೋ ಸೇರಿಸುತ್ತಾರೆ. ಆಮ್ಲವು ಸ್ವಲ್ಪ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವು ನಡುವೆ ನುಗ್ಗಿ ಹರಳುಗಳು ದಪ್ಪವಾಗದಂತೆ ತಡೆಯುತ್ತವೆ. ಅಚ್ಚು ನುಣುಪಾಗಿ ಬರುತ್ತದೆ. ಮರದ ಅಚ್ಚನ್ನು ಗಂಟೆಗಟ್ಟಲೆ ನೆನೆಸುವುದೇಕೆ? ಮರದ ರಂಧ್ರಗಳಲ್ಲಿ ನೀರು ತುಂಬಿಕೊಂಡರೆ ಪಾಕ ಒಳಗೆ ಇಳಿದು ಅಂಟುವುದಿಲ್ಲ. ಎರಡು ಹೋಳುಗಳನ್ನು ದಾರದಿಂದ ಬಿಗಿದು, ಪಾಕ ಸುರಿದು, ಐದಾರು ನಿಮಿಷ ಬಿಟ್ಟು ಬಿಚ್ಚಿದರೆ ಗಿಳಿ, ನವಿಲು, ತೇರು, ಬೃಂದಾವನ, ಮೀನು ಒಂದೊಂದಾಗಿ ಹೊರಬರುತ್ತವೆ.

ಈ ಮಾತುಗಳಲ್ಲಿ ಯಾವುದನ್ನೂ ನಮ್ಮ ಅಜ್ಜಿ ಓದಿರಲಿಲ್ಲ. ಉಷ್ಣಮಾಪಕವನ್ನು ಅವರು ನೋಡಿದ್ದು ಜ್ವರ ಬಂದಾಗ ಮಾತ್ರ. ಆದರೆ ಪಾಕದ ಗುಳ್ಳೆಯ ಸದ್ದು ಬದಲಾದದ್ದನ್ನು ಪಡಸಾಲೆಯಲ್ಲಿ ಕುಳಿತೇ ಹೇಳುತ್ತಿದ್ದರು.

ಮುಳ್ಳು ಮೂಡಿಸುವ ಕಲೆ

ಉತ್ತರ ಕರ್ನಾಟಕದ ಓದುಗರು ಇಷ್ಟು ಹೊತ್ತಿಗೆ, ನಮ್ಮ ಕುಸುರೆಳ್ಳಿನ ಮಾತೇ ಇಲ್ಲವಲ್ಲ ಎಂದು ಕೇಳುತ್ತಿರಬೇಕು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಸಂಕ್ರಮಣಕ್ಕೆ ಹಂಚುವುದು ಅದನ್ನೇ. ಅಗಲವಾದ ಪಾತ್ರೆಯಲ್ಲಿ ಎಳ್ಳು ಹಾಕಿ, ಕೆಳಗೆ ಹದವಾದ ಕೆಂಡವಿಟ್ಟು, ತೆಳುವಾದ ಸಕ್ಕರೆ ಪಾಕವನ್ನು ಚಮಚ ಚಮಚವಾಗಿ ಹನಿಸುತ್ತ, ಬೆರಳ ತುದಿಯಲ್ಲಿ ಕಾಳುಗಳನ್ನು ಸತತವಾಗಿ ಆಡಿಸಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಗಂಟೆಗಳಲ್ಲ, ಕೆಲವೊಮ್ಮೆ ದಿನಗಳ ಕೆಲಸ. ನಿಧಾನವಾಗಿ ಪ್ರತಿ ಕಾಳಿನ ಸುತ್ತಲೂ ಬಿಳಿಯ ಮುಳ್ಳುಗಳು ಮೂಡುತ್ತವೆ. ಮುಳ್ಳು ಚೆನ್ನಾಗಿ ಬರಬೇಕಾದರೆ ಚಳಿಯ ಬೆಳಗಿನ ಜಾವವೇ ಆಗಬೇಕು ಎಂದು ನುರಿತವರು ಹೇಳುತ್ತಾರೆ. ನೆರೆಯ ಮಹಾರಾಷ್ಟ್ರದಲ್ಲಿ ಇದೇ ಹಲವಾ ಆಗುತ್ತದೆ. ಅದನ್ನು ದಾರದಲ್ಲಿ ಪೋಣಿಸಿ ಹೊಸ ಸೊಸೆಗೂ ಮಕ್ಕಳಿಗೂ ಒಡವೆ ಮಾಡಿ ತೊಡಿಸುತ್ತಾರೆ.

ಸಕ್ಕರೆ ಅಚ್ಚಿಗೆ ಅರೆಗಳಿಗೆಯ ಚುರುಕು ಬೇಕು, ಕುಸುರೆಳ್ಳಿಗೆ ಮುಗಿಯದ ತಾಳ್ಮೆ ಬೇಕು. ಸಾಮಗ್ರಿ ಮಾತ್ರ ಒಂದೇ: ಸಕ್ಕರೆ ಮತ್ತು ನೀರು.

ಕೊಟ್ಟು ಪಡೆಯುವ ಲೆಕ್ಕ

ಸಂಜೆ ಹುಡುಗಿಯರು ರೇಷ್ಮೆ ಲಂಗ ತೊಟ್ಟು ತಟ್ಟೆ ಹಿಡಿದು ಹೊರಡುತ್ತಾರೆ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಎನ್ನುತ್ತಾರೆ. ಉತ್ತರದ ಕಡೆಯವರು ಎಳ್ಳು ಬೆಲ್ಲದ ಹಂಗ ಇರೂಣು ಎನ್ನುತ್ತಾರೆ. ನೀವು ಹತ್ತು ಮನೆಗೆ ಕೊಟ್ಟರೆ ಆ ಹತ್ತು ಮನೆಯವರೂ ನಿಮಗೆ ಕೊಡುತ್ತಾರೆ. ರಾತ್ರಿ ನೋಡಿದರೆ ಡಬ್ಬ ಬೆಳಿಗ್ಗೆಯಷ್ಟೇ ತುಂಬಿರುತ್ತದೆ. ಹಾಗಾದರೆ ಈ ವ್ಯವಹಾರದಿಂದ ಯಾರಿಗೆ ಏನು ಲಾಭ?

ಇದೇ ಪ್ರಶ್ನೆಯನ್ನು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ದೂರದ ಇನ್ನೊಂದು ಕಡೆ ಕೇಳಿದ್ದ. ಕಬ್ಬಿನ ತವರಾದ ನ್ಯೂ ಗಿನಿಯ ಸಮೀಪದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನ ಅಪಾಯದ ಸಮುದ್ರಯಾನ ಮಾಡಿ ಚಿಪ್ಪಿನ ಹಾರ ಮತ್ತು ಕಡಗಗಳನ್ನು ದ್ವೀಪದಿಂದ ದ್ವೀಪಕ್ಕೆ ಕೊಟ್ಟು ಪಡೆಯುತ್ತಿದ್ದರು. ಯಾರೂ ಅವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಿರಲಿಲ್ಲ. 1922ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಇದನ್ನು ವಿವರಿಸಿದ. ಕೈಬದಲಾಗುವ ವಸ್ತುವಿಗಿಂತ ಅದು ಕಟ್ಟುವ ಬಾಂಧವ್ಯವೇ ಮುಖ್ಯ ಎಂಬುದು ಅದನ್ನು ಓದಿದವರಿಗೆ ತಿಳಿಯುತ್ತದೆ. ನಮ್ಮ ಎಳ್ಳಿನ ತಟ್ಟೆಯೂ ಹಾಗೆಯೇ. ಎಲ್ಲರೂ ಎಲ್ಲರಿಗೂ ಒಂದೇ ಪದಾರ್ಥ ಕೊಡುವುದರಿಂದ ಪದಾರ್ಥದ ಬೆಲೆ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ಉಳಿಯುವುದು ಕೈಕೆಲಸ, ಹೊಸ್ತಿಲು ದಾಟಿದ ಕಾಲು, ಆಡಿದ ಮಾತು. ವರ್ಷವಿಡೀ ಮುನಿಸಿಕೊಂಡಿದ್ದ ಎರಡು ಮನೆಗಳು ಅಂದು ಮತ್ತೆ ಮಾತಾಡಿದ್ದನ್ನು ನಾನೇ ಕಂಡಿದ್ದೇನೆ.

ಮಾಡಿದವರು, ಕೊಟ್ಟವರು

ಈಗ ನನ್ನ ಅಜ್ಜಿಯ ವಿಷಯ. 13ನೆಯ ವಯಸ್ಸಿಗೆ ಮದುವೆಯಾಗಿ, 22ಕ್ಕೆ ಗಂಡನನ್ನು ಕಳೆದುಕೊಂಡವರು ಅವರು. ನಮ್ಮ ಬೀದಿಯಲ್ಲಿ ಅವರಷ್ಟು ಚೆನ್ನಾಗಿ ಅಚ್ಚು ಹೊಯ್ಯುವವರು ಇರಲಿಲ್ಲ. ಅಕ್ಕಪಕ್ಕದ ಮನೆಗಳವರೂ ಸಕ್ಕರೆ ತಂದುಕೊಟ್ಟು ಅವರಿಂದಲೇ ಮಾಡಿಸಿಕೊಂಡು ಹೋಗುತ್ತಿದ್ದರು. ಹಬ್ಬದ ಸಂಜೆ ತಟ್ಟೆಗಳನ್ನು ಜೋಡಿಸುವವರೂ ಅವರೇ. ಯಾವ ಮನೆಗೆ ಆನೆ, ಯಾವ ಮನೆಗೆ ತೇರು ಎಂದು ಹೇಳುವವರೂ ಅವರೇ. ಆದರೆ ನಾವು ತಟ್ಟೆ ಹಿಡಿದು ಹೊರಡುವಾಗ ಅವರು ಒಳಮನೆಯಲ್ಲಿರುತ್ತಿದ್ದರು. ಎದುರಿಗೆ ಬರುತ್ತಿರಲಿಲ್ಲ. ಎಳ್ಳು ಬೀರುವುದು ಮುತ್ತೈದೆಯರದು, ಮಕ್ಕಳದು. ವಿಧವೆಯರದಲ್ಲ.

ಏಳೆಂಟು ವರ್ಷದವಳಿದ್ದಾಗ ಒಮ್ಮೆ ಕೇಳಿದೆ: "ಅಜ್ಜಿ, ನೀನು ಯಾಕೆ ಬರುವುದಿಲ್ಲ?" ಅವರು ನನ್ನ ಲಂಗದ ಮೇಲೆ ಬಿದ್ದಿದ್ದ ಸಕ್ಕರೆಪುಡಿ ಕೊಡವಿ, "ನಾನು ಅಚ್ಚಿನ ಜೊತೆ ಬಂದೇ ಇರುತ್ತೇನಲ್ಲ" ಎಂದರು. ಅಂದು ಅದು ನನಗೆ ತಮಾಷೆಯ ಮಾತಾಗಿ ಕೇಳಿಸಿತು. ನಕ್ಕು ಓಡಿಹೋದೆ.

ಇತಿಹಾಸದ ಪುಸ್ತಕಗಳಲ್ಲಿ ನೀವು ಕಾನೂನುಗಳ ವಿಷಯ ಓದುತ್ತೀರಿ. 1856ರಲ್ಲಿ ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ವಿಧವಾ ವಿವಾಹ ಕಾನೂನುಬದ್ಧವಾಯಿತು. 1894ರಲ್ಲಿ ಮೈಸೂರು ಸಂಸ್ಥಾನ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಇವು ದೊಡ್ಡ ಹೆಜ್ಜೆಗಳೇ. ಆದರೆ ಹಬ್ಬದ ತಟ್ಟೆ ಯಾರ ಕೈಯಲ್ಲಿರಬೇಕು ಎಂಬುದು ಯಾವ ಕಾನೂನಿನಲ್ಲೂ ಬರುವುದಿಲ್ಲ. ಅದನ್ನು ಬದಲಿಸಬೇಕಾದವರು ಮನೆಯವರೇ. ಬಾಲವಿಧವೆಯೊಬ್ಬಳ ಬದುಕನ್ನು ಚಿತ್ರಿಸಿದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ 1976ರಲ್ಲಿ ಬಂತು. ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ಕಾಲೇಜಿನಲ್ಲಿ ಆ ಪುಸ್ತಕ ಓದಿದ ರಾತ್ರಿಯೇ ಅಜ್ಜಿಯ ಉತ್ತರ ನನಗೆ ಅರ್ಥವಾದದ್ದು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಸಿಹಿಯ ಇತಿಹಾಸದಲ್ಲಿ ದೊರೆಗಳ ಹೆಸರಿದೆ, ದೂತರ ಹೆಸರಿದೆ, ಕಾರ್ಖಾನೆ ಕಟ್ಟಿದವರ ಹೆಸರಿದೆ. ಪಾಕ ತಿರುವಿದ ಕೈಗಳ ಹೆಸರಿಲ್ಲ. ಕೆಲವೊಮ್ಮೆ ಆ ಕೈಗಳಿಗೆ ತಾವು ಮಾಡಿದ್ದನ್ನು ತಾವೇ ಕೊಡುವ ಅವಕಾಶವೂ ಇರಲಿಲ್ಲ.

ನೀವು ಮಾಡಬಹುದಾದದ್ದು

ಇಂದು ಅಂಗಡಿಯಲ್ಲಿ ಎಳ್ಳು ಬೆಲ್ಲದ ಪೊಟ್ಟಣ ಸಿಗುತ್ತದೆ, ಸಕ್ಕರೆ ಅಚ್ಚೂ ಸಿಗುತ್ತದೆ. ಕೊಂಡು ಹಂಚುವವರನ್ನು ನಾನು ಹಳಿಯಲಾರೆ. ಕೆಲಸಕ್ಕೆ ಹೋಗುವ ಹೆಂಗಸರ ಕಷ್ಟ ನನಗೂ ಗೊತ್ತು. ಈ ಕೆಲಸ ಹೆಂಗಸರದ್ದೇ ಆಗಬೇಕೆಂಬ ನಿಯಮವೂ ಇಲ್ಲ. ಹುಡುಗರೂ ಪಾಕ ತಿರುವಬಹುದು, ಹರಳಿಗೆ ಅದು ತಿಳಿಯುವುದಿಲ್ಲ. ಅಟ್ಟದ ಮೇಲೆ ಹಳೆಯ ಅಚ್ಚುಗಳಿದ್ದರೆ ಈ ಸಲ ಇಳಿಸಿ. ದೊಡ್ಡವರನ್ನು ಜೊತೆಗಿಟ್ಟುಕೊಂಡೇ ಮಾಡಿ. ಪಾಕದ ಬಿಸಿ ಕುದಿಯುವ ನೀರಿಗಿಂತ ಹೆಚ್ಚು, ಅದು ಚರ್ಮಕ್ಕೆ ಅಂಟಿಯೂ ಬಿಡುತ್ತದೆ. ಒಮ್ಮೆ ತಿರುವದೆ, ಒಮ್ಮೆ ತಿರುವಿ, ಒಮ್ಮೆ ನಿಂಬೆರಸ ಹಾಕಿ ಪಾಕ ಆರಿಸಿ ನೋಡಿ. ಮೂರರ ಹರಳುಗಳನ್ನೂ ಭೂತಗನ್ನಡಿಯಲ್ಲಿ ಹೋಲಿಸಿ. ಪ್ರಯೋಗಾಲಯದ ಪಾಠಕ್ಕಿಂತ ಇದು ಚೆನ್ನಾಗಿ ನೆನಪಿರುತ್ತದೆ.

ಇನ್ನೊಂದು ಕೆಲಸವನ್ನೂ ಮಾಡಿ. ನಿಮ್ಮ ಮನೆಯಲ್ಲಿ ಹಿಂದೆ ಅಚ್ಚು ಹೊಯ್ಯುತ್ತಿದ್ದವರು ಯಾರು, ಅವರಿಗೆ ಕಲಿಸಿದವರು ಯಾರು, ತಟ್ಟೆ ಹಿಡಿದು ಹೋಗುತ್ತಿದ್ದವರು ಯಾರು, ಹೋಗದೆ ಒಳಗೇ ಉಳಿದವರು ಯಾರು ಎಂದು ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ನಾಳೆ ಇತಿಹಾಸ ಬರೆಯುವವರಿಗೆ ಅದೂ ಒಂದು ದಾಖಲೆ.

ನಮ್ಮ ತಂದೆ ತೀರಿಕೊಂಡ ಮರುವರ್ಷದ ಸಂಕ್ರಾಂತಿಗೆ ನಮ್ಮ ತಾಯಿ ಎಂದಿನಂತೆ ಅಚ್ಚು ಮಾಡಿದರು, ಅಜ್ಜಿಯ ಅಚ್ಚುಗಳಲ್ಲೇ. ತಟ್ಟೆಗಳನ್ನು ಜೋಡಿಸಿದರು. ಆಮೇಲೆ ಒಂದು ಪುಸ್ತಕ ಹಿಡಿದು ಒಳಗೆ ಹೋಗಿ ಕುಳಿತರು. ನಾನು ಒಂದು ತಟ್ಟೆಯನ್ನು ಅವರ ಮುಂದೆ ಇಟ್ಟು, "ಎದುರುಮನೆಗೆ ನೀನೇ ಹೋಗಿ ಬಾ" ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಎದ್ದು, ಸೆರಗು ಸರಿಮಾಡಿಕೊಂಡು ಹೊರಟರು. ಐದು ನಿಮಿಷದ ಕೆಲಸ. ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ನನಗೆ ಭಯವಾಗತೊಡಗಿತು. ಆಮೇಲೆ ಎದುರುಮನೆಯ ತಟ್ಟೆ ಹಿಡಿದುಕೊಂಡು ಬಂದರು. ಅದನ್ನು ಮೇಜಿನ ಮೇಲಿಟ್ಟು ಹೇಳಿದರು: "ಅವರ ಆನೆಗೆ ಸೊಂಡಿಲೇ ಇಲ್ಲ ನೋಡು. ಪಾಕ ಇಳಿಸುವುದು ತಡಮಾಡಿದ್ದಾರೆ. ಬರುವ ವರ್ಷ ನಾನೇ ಹೋಗಿ ಹೇಳಿಕೊಡುತ್ತೇನೆ ಅಂದಿದ್ದೇನೆ."